ಯಂತ್ರ ಬಂತೆಂದು ರಾಜೀನಾಮೆಗೆ ಸಹಿ ಹಾಕಬೇಕೆ?

ಓದುಗರ ಪ್ರಶ್ನೆ:

ನಮಸ್ಕಾರ ಮೇಡಂ. ನನಗೆ 43 ವರ್ಷ. ತವರು ಕುಂದಾಪುರದ ಕಡೆ. ಮದುವೆಯಾಗಿ ಡೊಂಬಿವಲಿಗೆ ಬಂದು 20 ವರ್ಷಗಳಾದವು. ಬಿ.ಕಾಂ. ಓದಿದ್ದೇನೆ. ಅಂಧೇರಿ ಪೂರ್ವದಲ್ಲಿ ಪ್ಯಾಕೇಜಿಂಗ್ ಸಾಮಾನು ಮಾರುವ ಕಂಪನಿಯೊಂದರಲ್ಲಿ 16 ವರ್ಷಗಳಿಂದ ಅಕೌಂಟ್ಸ್ ಅಸಿಸ್ಟೆಂಟ್ ಆಗಿದ್ದೇನೆ. ಸಂಬಳ 27,000 ರೂಪಾಯಿ, ಅದರಲ್ಲಿ ಮೂಲ ವೇತನ 18,000. ಕಂಪನಿಯಲ್ಲಿ ಒಟ್ಟು ಅರವತ್ತು ಜನ, ಅಕೌಂಟ್ಸ್‌ನಲ್ಲಿ ನಾವು ನಾಲ್ವರು ಹೆಂಗಸರು. ಈಚೆಗೆ ಬಿಲ್ಲುಗಳನ್ನು ತಾನೇ ಓದಿ ಎಂಟ್ರಿ ಮಾಡುವ ಸಾಫ್ಟ್‌ವೇರ್ ತಂದಿದ್ದಾರೆ. ಈಗ ನನಗೂ, ಹೆರಿಗೆ ರಜೆ ಮುಗಿಸಿ ಬಂದು ತಿಂಗಳಾಗಿರುವ ಇನ್ನೊಬ್ಬಳಿಗೂ ರಾಜೀನಾಮೆ ಕೊಡಲು ಹೇಳುತ್ತಿದ್ದಾರೆ. ಕೊಟ್ಟರೆ ಸಾಫ್ಟ್‌ವೇರಿಗೆ ಓದಲಾಗದ ಬಿಲ್ಲುಗಳನ್ನು ಮನೆಯಿಂದಲೇ ತಿದ್ದುವ ಕೆಲಸ ಕೊಡುತ್ತಾರಂತೆ, ಬಿಲ್ಲಿಗೆ 6 ರೂಪಾಯಿ, ಹೆಸರು ಕನ್ಸಲ್ಟೆಂಟ್. ಮೂರು ವರ್ಷದ ಹಿಂದೆ ಸೇರಿದ ಇಬ್ಬರು ಹುಡುಗಿಯರು ಮಾತ್ರ ಆಫೀಸಿನಲ್ಲಿ ಉಳಿಯುತ್ತಾರೆ. ಮನೆಯಲ್ಲಿ ಅತ್ತೆಗೆ ಪಾರ್ಶ್ವವಾಯು. ಮಗಳು ಹತ್ತನೆಯ ತರಗತಿ. ಮನೆಯವರು "ಮನೆಯಲ್ಲೇ ಕೆಲಸ ಸಿಗುವುದು ನಿನ್ನ ಪುಣ್ಯ, ಒಪ್ಪಿಕೋ" ಎನ್ನುತ್ತಾರೆ. ಕಲ್ಯಾಣದಲ್ಲಿರುವ ನಾದಿನಿ ಆ್ಯಪ್ ಮೂಲಕ ಮನೆಮನೆಗೆ ಹೋಗಿ ಬ್ಯೂಟಿ ಪಾರ್ಲರ್ ಕೆಲಸ ಮಾಡುತ್ತಾಳೆ, ನನ್ನನ್ನೂ ಕರೆಯುತ್ತಿದ್ದಾಳೆ. ಆದರೆ ಹೋದ ತಿಂಗಳು ರೇಟಿಂಗ್ ಇಳಿಯಿತೆಂದು ಅವಳ ಐಡಿಯನ್ನೇ ಏಳು ದಿನ ಬ್ಲಾಕ್ ಮಾಡಿದ್ದರು. ಕಂಪ್ಯೂಟರ್ ಹೆಂಗಸರ ಕೆಲಸವನ್ನೆಲ್ಲ ತಿಂದುಹಾಕುತ್ತದೆಯೇ? ಈ ವಯಸ್ಸಿನಲ್ಲಿ ಹೊಸದನ್ನು ಕಲಿಯುವುದು ನನ್ನಿಂದಾಗುತ್ತದೆಯೇ? ಯಂತ್ರ ತರುವ ಮೊದಲು ನಮ್ಮನ್ನು ಒಂದು ಮಾತು ಕೇಳಬೇಕಿರಲಿಲ್ಲವೇ? ಇನ್ನು ಹದಿನೈದು ದಿನಗಳಲ್ಲಿ ಉತ್ತರ ಕೊಡಬೇಕು.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ನೀವು ಕೇಳಿರುವುದು ಸಾಫ್ಟ್‌ವೇರಿನ ವಿಚಾರ. ಆದರೆ ನಿಮ್ಮ ಮೇಜಿನ ಮೇಲೆ ಈಗ ಬಂದಿರುವುದು ಒಂದಲ್ಲ, ಎರಡು ಬದಲಾವಣೆಗಳು. ಬಿಲ್ಲು ಓದುವ ಸಾಫ್ಟ್‌ವೇರ್ ಬಂದದ್ದು ಒಂದು. ತಿಂಗಳ ಸಂಬಳ, ಭವಿಷ್ಯನಿಧಿ, ರಜೆ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣ) ಇರುವ ನೌಕರಿಯಿಂದ ನಿಮ್ಮನ್ನು ಬಿಲ್ಲಿನ ಲೆಕ್ಕದ ಕೂಲಿಗೆ ಇಳಿಸುವುದು ಇನ್ನೊಂದು. ಮೊದಲನೆಯದು ಬಂದರೆ ಎರಡನೆಯದೂ ಬರಲೇಬೇಕೆಂಬ ನಿಯಮವಿಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಬೆಸೆದು ನಿಮ್ಮ ಸಹಿ ಕೇಳುತ್ತಿರುವವರು ನಿಮ್ಮ ಮಾಲೀಕರು. ಆ ಸಹಿಯನ್ನು ಈಗಲೇ ಹಾಕಬೇಡಿ ಎಂಬುದೇ ನನ್ನ ಮೊದಲ ಮಾತು. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಯಂತ್ರ ಹೆಂಗಸರ ಕೆಲಸವನ್ನೆಲ್ಲ ತಿನ್ನುತ್ತದೆಯೇ ಎಂಬ ಭಯದಲ್ಲಿ ಅರ್ಧ ನಿಜವಿದೆ. ಗುಮಾಸ್ತಗಿರಿಯ ಕೆಲಸಗಳು, ಅಂದರೆ ಎಂಟ್ರಿ, ಟೈಪಿಂಗ್, ಫೈಲಿಂಗ್, ಬಿಲ್ಲಿಂಗ್, ಹೊಸ ತಂತ್ರಜ್ಞಾನದ ನೇರ ದಾರಿಯಲ್ಲಿ ನಿಂತಿವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ಕೃತಕ ಬುದ್ಧಿಮತ್ತೆಯ ಪರಿಣಾಮವನ್ನು ಅಳೆದಾಗ ಎಲ್ಲ ವರ್ಗಗಳ ಪೈಕಿ ಹೆಚ್ಚು ತೆರೆದುಕೊಂಡಿದ್ದದ್ದು ಇದೇ ಗುಮಾಸ್ತ ವರ್ಗ. ಅದರ ಕೆಲಸಗಳಲ್ಲಿ ಶೇ. 24ರಷ್ಟು ಹೆಚ್ಚಿನ ಮಟ್ಟದಲ್ಲಿಯೂ ಶೇ. 58ರಷ್ಟು ಮಧ್ಯಮ ಮಟ್ಟದಲ್ಲಿಯೂ ಯಂತ್ರದ ಕೈಗೆಟಕುವಂಥವು ಎಂದು ಅದು ಅಂದಾಜು ಮಾಡಿತು. ಈ ವರ್ಗದಲ್ಲಿ ಹೆಂಗಸರೇ ಹೆಚ್ಚಾಗಿರುವ ದೇಶಗಳಲ್ಲಿ ಪೆಟ್ಟು ಅವರಿಗೇ ಹೆಚ್ಚು. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು: ಬಹುಪಾಲು ಉದ್ಯೋಗಗಳು ಪೂರ್ತಿ ಅಳಿಯುವುದಿಲ್ಲ, ಒಳಗಿನ ಕೆಲಸ ಬದಲಾಗುತ್ತದೆ. ಕೆಲಸ ಉಳಿಯುವುದೋ ಹೋಗುವುದೋ ಎಂಬುದಕ್ಕಿಂತ, ಉಳಿದ ಕೆಲಸ ಎಂಥದ್ದು ಎಂಬ ಪ್ರಶ್ನೆ ಅದಕ್ಕಾಗಿಯೇ ದೊಡ್ಡದು.

ಮುಂಬಯಿಗೆ ಇದು ಹೊಸ ಕಥೆಯಲ್ಲ. ಪರೇಲ್, ಲಾಲ್‌ಬಾಗ್‌ಗಳ ಬಟ್ಟೆ ಗಿರಣಿಗಳಲ್ಲಿ ಒಂದು ಕಾಲಕ್ಕೆ ಸಾವಿರಾರು ಹೆಂಗಸರಿದ್ದರು. ಅವರಲ್ಲಿ ಬಹುತೇಕರು ನೂಲು ಸುತ್ತುವ ವೈಂಡಿಂಗ್, ರೀಲಿಂಗ್ ಖಾತೆಗಳಲ್ಲಿ ದುಡಿಯುತ್ತಿದ್ದರು. ಆ ಖಾತೆಗಳಿಗೆ ವೇಗದ ಯಂತ್ರಗಳು ಬಂದಂತೆ ಹೆಂಗಸರ ಸಂಖ್ಯೆ ಕರಗಿತು. ಹೊಸ ಯಂತ್ರವನ್ನು ನಡೆಸಲು ಅವರಿಗೆ ಬರುತ್ತಿರಲಿಲ್ಲವೆಂದಲ್ಲ. ದುಬಾರಿ ಯಂತ್ರವನ್ನು ಎರಡು ಮೂರು ಪಾಳಿ ಓಡಿಸಬೇಕಿತ್ತು, ಹೆಂಗಸರಿಗೆ ರಾತ್ರಿ ಪಾಳಿ ನಿಷಿದ್ಧವಾಗಿತ್ತು. ದೇಶದ ಮೊದಲ ಹೆರಿಗೆ ಭತ್ಯೆಯ ಕಾಯ್ದೆ 1929ರಲ್ಲಿ ಇದೇ ಬಾಂಬೆ ಪ್ರಾಂತ್ಯದಲ್ಲಿ ಬಂದಾಗ ಆ ಖರ್ಚನ್ನು ಮಾಲೀಕರೇ ಹೊರಬೇಕಾಯಿತು. ಯಂತ್ರ ಬಂದ ಸಂದರ್ಭವನ್ನು ಬಳಸಿಕೊಂಡು ಗಿರಣಿಗಳು ಅವರನ್ನು ಕೈಬಿಟ್ಟವು. ನಿಮ್ಮ ಕಂಪನಿಯ ಪಟ್ಟಿಯಲ್ಲಿರುವ ಎರಡು ಹೆಸರುಗಳನ್ನು ನೋಡಿ: 16 ವರ್ಷದ ಸೇವೆಯಿಂದ ಗ್ರಾಚ್ಯುಟಿ ಬೆಳೆದವರು ಒಬ್ಬರು, ಕೈಕೂಸಿನ ತಾಯಿ ಇನ್ನೊಬ್ಬರು. ಸಾಫ್ಟ್‌ವೇರಿಗೆ ಯಾರ ವಯಸ್ಸೂ ಗೊತ್ತಿಲ್ಲ, ಯಾರ ಮಗುವೂ ಗೊತ್ತಿಲ್ಲ. ಆ ಪಟ್ಟಿಯನ್ನು ಬರೆದವರು ಮನುಷ್ಯರು.

ಇನ್ನು ಬಿಲ್ಲಿಗೆ 6 ರೂಪಾಯಿಯ ವಿಚಾರ. ಇದನ್ನು ನಿಧಾನವಾಗಿ ನೋಡೋಣ, ಏಕೆಂದರೆ ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಇಷ್ಟು ದಿನ ನಿಮ್ಮ ಮುಂದೆ ಬರುತ್ತಿದ್ದ ನೂರು ಬಿಲ್ಲುಗಳಲ್ಲಿ ಎಂಬತ್ತು ಸುಲಭದವು, ಇಪ್ಪತ್ತು ತಲೆನೋವಿನವು ಎಂದಿಟ್ಟುಕೊಳ್ಳಿ. ಸುಲಭದ ಎಂಬತ್ತರಲ್ಲಿ ಉಳಿಸಿದ ಸಮಯವನ್ನು ನೀವು ಕಷ್ಟದ ಇಪ್ಪತ್ತಕ್ಕೆ ಕೊಡುತ್ತಿದ್ದಿರಿ. ಈಗ ಅಚ್ಚುಕಟ್ಟಾಗಿ ಮುದ್ರಿತವಾದ ಎಂಬತ್ತನ್ನು ಸಾಫ್ಟ್‌ವೇರ್ ತೆಗೆದುಕೊಂಡಿತು. ನಿಮಗೆ ಉಳಿಯುವುದು ಕೈಬರಹದ ಬಿಲ್ಲು, ಮಸುಕಾದ ಫೋಟೋ, ಗುಜರಾತಿಯಲ್ಲಿ ಬರೆದ ಚೀಟಿ, ಟ್ರಾನ್ಸ್‌ಪೋರ್ಟಿನವನ ಬಿಲ್ಟಿ, ಅಂದರೆ ಸರಕು ಸಾಗಣೆಯ ರಸೀದಿ. ಆ ಬಿಲ್ಟಿಯನ್ನೇ ತೆಗೆದುಕೊಳ್ಳಿ: ಲಾರಿ ಬಾಡಿಗೆಯ ಬಿಲ್ಲಿನಲ್ಲಿ ಜಿಎಸ್‌ಟಿ ಕಾಣದಿದ್ದರೂ ಎಷ್ಟೋ ಸಂದರ್ಭಗಳಲ್ಲಿ ರಿವರ್ಸ್ ಚಾರ್ಜ್ ನಿಯಮದಂತೆ ಬಾಡಿಗೆ ಕೊಡುವ ಕಂಪನಿಯೇ ತೆರಿಗೆ ಕಟ್ಟಬೇಕು. ಹೊರರಾಜ್ಯದ ಮಾಲಿಗೆ ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ತೆರಿಗೆ) ಬರಬೇಕಾದ ಕಡೆ ರಾಜ್ಯದೊಳಗಿನ ಮಾರಾಟದ ತೆರಿಗೆಗಳಾದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ್ದರೆ ಹಿಡಿದು ವಾಪಸು ಕಳಿಸಬೇಕು. ಇದು ಎಂಟ್ರಿ ಕೆಲಸವಲ್ಲ, 16 ವರ್ಷಗಳ ತಿಳಿವಳಿಕೆ. ಇಂಥ ಒಂದು ಬಿಲ್ಲಿಗೆ ಸರಾಸರಿ ಐದು ನಿಮಿಷ ಹಿಡಿದರೂ ಗಂಟೆಗೆ 12 ಬಿಲ್ಲು, 72 ರೂಪಾಯಿ. ಎಂಟು ಗಂಟೆ ಕಣ್ಣು ಮಿಟುಕಿಸದೆ ಕುಳಿತರೆ 576 ರೂಪಾಯಿ, 25 ದಿನಕ್ಕೆ 14,400. ಕಂಪ್ಯೂಟರ್, ಇಂಟರ್‌ನೆಟ್, ಕರೆಂಟು ನಿಮ್ಮದು. ತಪ್ಪಾದ ಎಂಟ್ರಿಗೆ ಹಣ ಕಡಿತವಿದೆಯೇ ಎಂದು ಕೇಳಿ. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಈ ಬಗೆಯ ಬಹಳಷ್ಟು ಸಾಫ್ಟ್‌ವೇರುಗಳು ಮನುಷ್ಯರು ಮಾಡಿದ ತಿದ್ದುಪಡಿಗಳಿಂದಲೇ ಕಲಿಯುತ್ತವೆ. ಒಬ್ಬ ಸಪ್ಲೈಯರ್‌ನ ಬಿಲ್ಲನ್ನು ನೀವು ಹತ್ತು ಸಲ ತಿದ್ದಿದರೆ ಹನ್ನೊಂದನೆಯದನ್ನು ಅದು ತಾನೇ ಓದುತ್ತದೆ. ಅಂದರೆ ನೀವು ಚೆನ್ನಾಗಿ ಕೆಲಸ ಮಾಡಿದಷ್ಟೂ ನಿಮಗೆ ಬರುವ ಬಿಲ್ಲುಗಳು ಕಡಿಮೆಯಾಗುತ್ತವೆ. ಮೊದಲ ಮೂರು ತಿಂಗಳು 14,000 ಕಂಡದ್ದು ವರ್ಷದ ಕೊನೆಗೆ 5,000ಕ್ಕೆ ಇಳಿದರೂ ನೀವು ಯಾರನ್ನೂ ಕೇಳುವಂತಿಲ್ಲ, ಏಕೆಂದರೆ ಕನ್ಸಲ್ಟೆಂಟ್‌ಗೆ ಇಷ್ಟು ಕೆಲಸ ಕೊಡಲೇಬೇಕೆಂಬ ಕಟ್ಟಳೆಯಿಲ್ಲ.

ಈಗ ರಾಜೀನಾಮೆಯ ಬೆಲೆ. ಐದು ವರ್ಷ ಮೀರಿದ ಸೇವೆಗೆ ಗ್ರಾಚ್ಯುಟಿ ಹೇಗೂ ಸಿಗುತ್ತದೆ, ನೀವೇ ಬಿಟ್ಟರೂ ಸಿಗುತ್ತದೆ. ಮೂಲ ವೇತನ 18,000ವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 16 ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 1,66,000 ರೂಪಾಯಿ. ಇದನ್ನು ಯಾರಾದರೂ "ರಾಜೀನಾಮೆ ಕೊಟ್ಟರೆ ನಾವು ಕೊಡುವ ಉಡುಗೊರೆ" ಎಂಬಂತೆ ತೋರಿಸಿದರೆ ನಂಬಬೇಡಿ. ಅದು ನಿಮ್ಮದೇ ಹಣ.

ಆದರೆ ಕಂಪನಿಯೇ ಕೆಲಸ ಇಲ್ಲವೆಂದು ತೆಗೆದರೆ ಅದು ರಿಟ್ರೆಂಚ್‌ಮೆಂಟ್, ಅದಕ್ಕೆ ಬೇರೆ ಹಣವಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ವೇತನ, ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ, ಅದರ ಮೇಲೆ ಹೊಸ ಕೌಶಲ ಕಲಿಯಲೆಂದು ಮಾಲೀಕರು ನಿಧಿಗೆ ಕಟ್ಟುವ ಇನ್ನೂ 15 ದಿನಗಳ ವೇತನ ನಿಮಗೆ ಸಲ್ಲಬೇಕು. ವೇತನದ ವ್ಯಾಖ್ಯೆಯಲ್ಲಿ ಕೆಲವು ಭತ್ಯೆಗಳು ಹೊರಗುಳಿಯುವುದರಿಂದ ಬರೀ ಮೂಲ ವೇತನವನ್ನೇ ಹಿಡಿದು ಕಡಿಮೆಯ ಲೆಕ್ಕ ಹಾಕೋಣ: 16 ವರ್ಷಕ್ಕೆ 1,44,000, ನೋಟಿಸಿನ ತಿಂಗಳಿಗೆ 18,000, ಕೌಶಲ ನಿಧಿಯಿಂದ 9,000. ಒಟ್ಟು 1,71,000 ರೂಪಾಯಿ. ನೀವಾಗಿಯೇ ಬಿಟ್ಟಿರೆಂದು ಬರೆದುಕೊಟ್ಟ ಕ್ಷಣ ಇದಿಷ್ಟೂ ಹೋಗುತ್ತದೆ. ನಿಮ್ಮ ರಾಜೀನಾಮೆಯ ಬೆಲೆ ಇದು.

ಸಂಹಿತೆಯಲ್ಲಿ ಇನ್ನೆರಡು ಮಾತುಗಳು ನಿಮಗೆ ಉಪಯೋಗಕ್ಕೆ ಬರುತ್ತವೆ. ಒಂದೇ ವರ್ಗದ ನೌಕರರಲ್ಲಿ ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ಬೇರೆ ಕ್ರಮ ಅನುಸರಿಸಿದರೆ ಕಾರಣವನ್ನು ದಾಖಲಿಸಬೇಕು. ಇದನ್ನು ಆ ಇಬ್ಬರು ಹುಡುಗಿಯರ ಮೇಲಿನ ಅಸ್ತ್ರವಾಗಿ ಬಳಸಿ ಎಂದು ಹೇಳುತ್ತಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರು. ಆದರೆ 16 ವರ್ಷದವರನ್ನು ಬಿಟ್ಟು ಮೂರು ವರ್ಷದವರನ್ನು ಏಕೆ ಉಳಿಸಿಕೊಂಡಿರಿ ಎಂಬ ಪ್ರಶ್ನೆಗೆ ಕಂಪನಿ ಬರಹದಲ್ಲಿ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರ ಸುಲಭದ್ದಲ್ಲ. ಇನ್ನೊಂದು, ನೀವು ಕೇಳಿದ್ದು: ನೌಕರರನ್ನು ತೆಗೆಯಬೇಕಾಗಿ ಬರಬಹುದಾದಂಥ ಹೊಸ ತಂತ್ರವನ್ನು ತರುವ ಮೊದಲು 21 ದಿನಗಳ ನೋಟಿಸು ಕೊಡಬೇಕು. ಹೌದು, ಮೊದಲೇ ತಿಳಿಸಬೇಕಿತ್ತು, ತಿಳಿಸದಿದ್ದದ್ದು ಅವರ ತಪ್ಪು.

"ನೀವು ಸೀನಿಯರ್ ಎಕ್ಸಿಕ್ಯೂಟಿವ್, ಕಾರ್ಮಿಕ ಕಾನೂನು ನಿಮಗೆ ಅನ್ವಯಿಸುವುದಿಲ್ಲ" ಎಂದು ಹೇಳಬಹುದು. ವಿಸಿಟಿಂಗ್ ಕಾರ್ಡಿನ ಪದವಿಯನ್ನು ಕಾನೂನು ನೋಡುವುದಿಲ್ಲ, ದಿನವಿಡೀ ಮಾಡುವ ಕೆಲಸವನ್ನು ನೋಡುತ್ತದೆ. ಗುಮಾಸ್ತ ಸ್ವರೂಪದ ಕೆಲಸ ಮಾಡುವವರು ಕಾರ್ಮಿಕರ ವ್ಯಾಖ್ಯೆಯೊಳಗೆ ಬರುತ್ತಾರೆ. ಬೇರೆಯವರ ಮೇಲ್ವಿಚಾರಣೆಯೇ ನಿಮ್ಮ ಮುಖ್ಯ ಕೆಲಸವಾಗಿದ್ದರೆ ಮಾತು ಬೇರೆ. ನಿಮ್ಮ ಪತ್ರದಲ್ಲಿ ಹಾಗೆ ಕಾಣುವುದಿಲ್ಲ.

ಇಷ್ಟು ಒತ್ತಿ ಹೇಳಲು ನನ್ನದೊಂದು ಕಾರಣವಿದೆ. ತೊಂಬತ್ತರ ದಶಕದಲ್ಲಿ ಮುಂಬಯಿಯ ಫೋರ್ಟಿನ ಒಂದು ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ ನಾನು ಕಿರಿಯ ಸಹಾಯಕಿಯಾಗಿ ಸೇರಿದ ಹೊಸತರಲ್ಲಿ ಅಲ್ಲಿ ಕಂಪ್ಯೂಟರ್ ಬಂತು. ಟೈಪಿಸ್ಟ್‌ಗಳ ಕೋಣೆಯಲ್ಲಿ ಹನ್ನೊಂದು ಹೆಂಗಸರಿದ್ದರು. ಅವರ ರಾಜೀನಾಮೆ ಪತ್ರಗಳಿಗೆ ಸಹಿ ಹಾಕಿಸಿಕೊಂಡು ಬರಲು ನನ್ನನ್ನೇ ಕಳಿಸಿದರು, ಹೆಂಗಸು ಹೋದರೆ ಜಗಳವಾಗುವುದಿಲ್ಲವೆಂದು. ಎಂಟು ಜನ ಸಹಿ ಹಾಕಿದರು. ಮೂವರು ಹಾಕಲಿಲ್ಲ; ಎರಡು ವಾರದ ಗದ್ದಲದ ನಂತರ ಕಂಪನಿ ಅವರಿಗೆ ಆರು ವಾರ ತರಬೇತಿ ಕೊಟ್ಟು ಕಂಪ್ಯೂಟರ್ ಮುಂದೆ ಕೂರಿಸಿತು, ಅದೇ ಸಂಬಳದಲ್ಲಿ. ಎಂಟು ಜನರಿಗೂ ಆ ಮೂವರಿಗೂ ಟೈಪಿಂಗ್ ವೇಗದಲ್ಲಾಗಲಿ ಜಾಣ್ಮೆಯಲ್ಲಾಗಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಆ ಎಂಟು ಪತ್ರಗಳು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ, ಆಮೇಲೆ ನಾನು ಈ ಸಲಹೆಯ ಕೆಲಸಕ್ಕೆ ಬಂದದ್ದೂ ಅದರಿಂದಲೇ.

ಮನೆಯವರು ಹೇಳುವ ಪುಣ್ಯದ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಲೋಕಲ್‌ನಲ್ಲಿ ನಿಂತು, ಅಲ್ಲಿಂದ ಮೆಟ್ರೋ ಹಿಡಿದು ಅಂಧೇರಿ ಸೇರುವುದೆಂದರೆ ಹೋಗಿಬರುವುದಕ್ಕೇ ದಿನಕ್ಕೆ ಮೂರು ಗಂಟೆ. ಆ ಮೂರು ಗಂಟೆ ಉಳಿದರೆ ಅತ್ತೆಯವರ ಮಾತ್ರೆಗೆ, ಮಗಳ ಓದಿಗೆ ನೀವು ಸಿಗುತ್ತೀರಿ. ಇದು ದೊಡ್ಡ ವಿಷಯವೇ. ಆದರೆ ಮನೆಯಿಂದ ಕೆಲಸ ಮಾಡುವ ಹೆಂಗಸನ್ನು ಮನೆಯವರು ಕೆಲಸದಲ್ಲಿದ್ದಾಳೆಂದು ನೋಡುವುದು ಅಪರೂಪ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಐದು ನಿಮಿಷದ ಒಂದು ಬಿಲ್ಲಿನ ನಡುವೆ ಕುಕ್ಕರ್ ಕೂಗಿದರೆ, ಬಾಗಿಲ ಗಂಟೆ ಬಾರಿಸಿದರೆ, ಅತ್ತೆಯವರನ್ನು ಮಗ್ಗುಲು ಬದಲಿಸಬೇಕಾದರೆ ಆ ಸಮಯ ತಿಂಗಳ ಸಂಬಳದವಳಿಗೆ ಸಂಬಳದೊಳಗೆ ಹೋಗುತ್ತದೆ; ಬಿಲ್ಲಿನ ಲೆಕ್ಕದವಳಿಗೆ ಅವಳ ನಿದ್ದೆಯಿಂದ ಹೋಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಬಿಲ್ಲು ತಿದ್ದುವ ಹೆಂಗಸರನ್ನು ನಾನು ಬಹಳ ನೋಡಿದ್ದೇನೆ. ಹೀಗಾಗಿ ನೀವು ಮನೆಯಿಂದ ಕೆಲಸವನ್ನೇ ಬೇಡವೆನ್ನಬೇಕಿಲ್ಲ. ನೌಕರಿಯಲ್ಲಿದ್ದುಕೊಂಡೇ, ಅದೇ ಸಂಬಳದಲ್ಲಿ, ವಾರಕ್ಕೆ ಎರಡೋ ಮೂರೋ ದಿನ ಮನೆಯಿಂದ ಮಾಡುತ್ತೇನೆಂದು ಕೇಳಿ. ಕಂಪನಿಯೇ ಈ ಕೆಲಸ ಮನೆಯಿಂದ ಆಗುತ್ತದೆಂದು ಒಪ್ಪಿಕೊಂಡಾಗಿದೆಯಲ್ಲ. ಈಗ ಅದನ್ನು ಅಲ್ಲಗಳೆಯುವುದು ಅವರಿಗೆ ಕಷ್ಟ. ಮನೆಯ ಕಂಪ್ಯೂಟರಿನಲ್ಲಿ ಪರದೆಯ ಚಿತ್ರ ತೆಗೆಯುವ, ಕ್ಯಾಮೆರಾ ತೆರೆದಿಡಿಸುವ ನಿಗಾ ಸಾಫ್ಟ್‌ವೇರ್ ಹಾಕುತ್ತಾರೆಯೇ, ಹಾಕಿದರೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ವಯಸ್ಸಿನ ಪ್ರಶ್ನೆಗೆ ಬರುತ್ತೇನೆ. 43ರಲ್ಲಿ ಹೊಸದನ್ನು ಕಲಿಯಲಾಗುತ್ತದೆಯೇ ಎಂದು ಕೇಳಿದ್ದೀರಿ. ನೀವು ಈಗಾಗಲೇ ಕಲಿತಿರುವುದನ್ನೇ ಮರೆತು ಕೇಳಿದ ಪ್ರಶ್ನೆಯಿದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ವ್ಯಾಟ್, ಎಕ್ಸೈಸ್ ಎಲ್ಲವನ್ನೂ ಮರೆತು ಹೊಸದಾಗಿ ಕಲಿತವರು ನಿಮ್ಮಂಥವರೇ. 2020ರಲ್ಲಿ ದೊಡ್ಡ ಕಂಪನಿಗಳಿಂದ ಶುರುವಾದ, ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ 2023ರ ಆಗಸ್ಟ್‌ನಿಂದ 5 ಕೋಟಿ ಮೀರಿದ ವಹಿವಾಟಿಗೂ ಕಡ್ಡಾಯವಾದಾಗ ಅದನ್ನೂ ಕಲಿತಿರಿ. ನಿಮ್ಮ ಕಸುಬಿನಲ್ಲಿ ಹೋಗುತ್ತಿರುವುದು ಎಂಟ್ರಿ. ಬೆಳೆಯುತ್ತಿರುವುದು ತಾಳೆ ನೋಡುವ ಕೆಲಸ. ಸಪ್ಲೈಯರ್ ತನ್ನ ರಿಟರ್ನ್‌ನಲ್ಲಿ ತೋರಿಸಿದ ತೆರಿಗೆ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಬಂದಿದೆಯೇ, ಬಾರದಿದ್ದರೆ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಿಂದ ವಜಾ ಮಾಡುವ ಅವಕಾಶ) ಹೋಗುತ್ತದೆಂದು ಅವನಿಗೆ ಫೋನ್ ಮಾಡಿ ಹಾಕಿಸುವವರು ಯಾರು? 2024ರ ಅಕ್ಟೋಬರ್‌ನಲ್ಲಿ ಬಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ವ್ಯವಸ್ಥೆಯಲ್ಲಿ ಯಾವ ಬಿಲ್ಲನ್ನು ಒಪ್ಪಬೇಕು, ಯಾವುದನ್ನು ತಳ್ಳಬೇಕು, ಯಾವುದನ್ನು ತಡೆಹಿಡಿಯಬೇಕು ಎಂದು ನಿರ್ಧರಿಸುವವರು ಯಾರು? ಸಣ್ಣ ಉದ್ಯಮಗಳ ಬಾಕಿಯನ್ನು 45 ದಿನದೊಳಗೆ ಕೊಡದಿದ್ದರೆ ಆ ವರ್ಷ ಆ ಖರ್ಚನ್ನು ಆದಾಯದಿಂದ ಕಳೆಯಲು ಬಿಡುವುದಿಲ್ಲವೆಂಬ ಆದಾಯ ತೆರಿಗೆಯ ನಿಯಮ ಬಂದಮೇಲೆ ಯಾರ ಬಾಕಿ ಎಷ್ಟು ದಿನದ್ದೆಂದು ನೋಡುತ್ತಿರುವವರು ಯಾರು? ಸಾಫ್ಟ್‌ವೇರ್ ಪಟ್ಟಿ ಕೊಡುತ್ತದೆ. ಯಾವ ಸಪ್ಲೈಯರ್ ಸುಳ್ಳು ಹೇಳುತ್ತಾನೆ, ಯಾರಿಗೆ ಮಾರ್ಚ್‌ನಲ್ಲಿ ಫೋನ್ ಮಾಡಿದರೆ ಪ್ರಯೋಜನವಿಲ್ಲ ಎಂಬುದು ನಿಮಗೆ ಗೊತ್ತು.

ಆದ್ದರಿಂದ ನೀವು ಕಲಿಯಬೇಕಾದದ್ದು ಕಡಿಮೆ, ಆದರೆ ನಿರ್ದಿಷ್ಟ: ಹೊಸ ಸಾಫ್ಟ್‌ವೇರಿನಲ್ಲಿ ತಪ್ಪು ಹಿಡಿಯುವ ಪರದೆ, ಎಕ್ಸೆಲ್‌ನಲ್ಲಿ ಎರಡು ಪಟ್ಟಿಗಳನ್ನು ಹೋಲಿಸುವ ವಿಧಾನ, 2ಬಿ ತಾಳೆ, ಟಿಡಿಎಸ್ ರಿಟರ್ನ್. ಸಂಜೆ ತರಗತಿಯಲ್ಲಿ ಎರಡು ಮೂರು ತಿಂಗಳ ಮಾತು. ಕಂಪ್ಯೂಟರ್ ಕ್ಲಾಸಿನವರು 60,000 ರೂಪಾಯಿಯ ಕೃತಕ ಬುದ್ಧಿಮತ್ತೆ ಡಿಪ್ಲೊಮಾ ಮಾರಲು ಬಂದರೆ ದಯವಿಟ್ಟು ಹಣ ಕಟ್ಟಬೇಡಿ. ನಿಮಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ.

ಹಾಗಾದರೆ ದಾರಿಗಳೇನು? ನನ್ನ ಮೊದಲ ಆಯ್ಕೆ, ನೌಕರಿಯಲ್ಲೇ ಉಳಿದು ತಾಳೆ ನೋಡುವ ಕೆಲಸಕ್ಕೆ ಬದಲಾಗುತ್ತೇನೆಂದು ಬರಹದಲ್ಲಿ ಕೇಳುವುದು. ಇದರ ಅಪಾಯವನ್ನೂ ಹೇಳಬೇಕು: ಒಲ್ಲದವರ ನಡುವೆ ಕೂರುವುದು ಸುಲಭವಲ್ಲ. ಮಾತು ಬಿಡುವುದು, ಕುರ್ಚಿ ಬದಲಿಸುವುದು, ಸಣ್ಣ ತಪ್ಪಿಗೂ ಮೆಮೊ ಕೊಡುವುದು, ಎಲ್ಲವೂ ಆಗಬಹುದು. ಅದನ್ನು ತಾಳುವಷ್ಟು ಮನಸ್ಸು ಈಗ ಇಲ್ಲವೆನಿಸಿದರೆ ರಿಟ್ರೆಂಚ್‌ಮೆಂಟಿನ ಹಣ ಪೂರ್ತಿ ತೆಗೆದುಕೊಂಡು ಮರ್ಯಾದೆಯಿಂದ ಹೊರಬರುವುದೂ ಸೋಲಲ್ಲ. ಅಲ್ಲಿ ಅಪಾಯವಿರುವುದು ವಿಳಂಬದಲ್ಲಿ. ಕಂಪನಿ ಕೊಡದಿದ್ದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಾಮಗಾರ್ ಭವನದಲ್ಲಿರುವ ಕಾರ್ಮಿಕ ಆಯುಕ್ತರ ಕಚೇರಿಗೆ ದೂರು ಕೊಡಬೇಕು. ಮುಂದೆ ನ್ಯಾಯಮಂಡಳಿಗೆ ಹೋದರೆ ವರ್ಷಗಳು ಹಿಡಿಯುತ್ತವೆ. ಅನುಭವದಲ್ಲಿ ಹೇಳುವುದಾದರೆ, ಕಾನೂನು ಗೊತ್ತಿರುವ ನೌಕರಳೆಂದು ತಿಳಿದ ಮೇಲೆ ಹೆಚ್ಚಿನ ಮಾಲೀಕರು ಅಷ್ಟು ದೂರ ಹೋಗುವುದಿಲ್ಲ, ಮಾತುಕತೆಗೆ ಬರುತ್ತಾರೆ.

ಹೊರಬಂದಮೇಲೆ ಇನ್ನೊಂದು ನೌಕರಿ ಸಿಕ್ಕರೆ ಭವಿಷ್ಯನಿಧಿಯನ್ನು ಒಡೆಯದೆ ಅದೇ ಯುಎಎನ್ ಸಂಖ್ಯೆಯಲ್ಲಿ (ನೌಕರಿ ಬದಲಾದರೂ ಬದಲಾಗದ ನಿಮ್ಮ ಭವಿಷ್ಯನಿಧಿ ಸಂಖ್ಯೆ) ಮುಂದುವರಿಸಿ. ಭವಿಷ್ಯನಿಧಿಯ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ 20 ವರ್ಷದ ಸೇವೆ ಮುಗಿಸಿ 58ಕ್ಕೆ ನಿವೃತ್ತರಾದವರಿಗೆ ಲೆಕ್ಕದಲ್ಲಿ 2 ವರ್ಷ ಹೆಚ್ಚುವರಿ ಸೇರುತ್ತದೆ. ನಿಮಗೆ ಅದಕ್ಕೆ ನಾಲ್ಕೇ ವರ್ಷ ಬಾಕಿ. ಇದನ್ನು ಯಾರೂ ನಿಮಗೆ ಹೇಳಿರಲಾರರು.

ಇನ್ನೊಂದು ದಾರಿ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮವರಿಗೆ ಹತ್ತಿರದ್ದು: ಸ್ವಂತ ಲೆಕ್ಕ ಬರೆಯುವ ಕೆಲಸ. ಉಡುಪಿ ಹೋಟೆಲು, ಸಣ್ಣ ಅಂಗಡಿ, ಕ್ಯಾಟರಿಂಗ್‌ನವರು, ಇವರಿಗೆಲ್ಲ ಈಗ ಯುಪಿಐ ಜಮೆ, ಆರ್ಡರ್ ತರುವ ಆ್ಯಪ್‌ಗಳ ಕಮಿಷನ್ ಕಡಿತ, ಜಿಎಸ್‌ಟಿ ರಿಟರ್ನ್ ಮೂರನ್ನೂ ತಾಳೆ ಮಾಡಿಕೊಡುವ, ಕನ್ನಡದಲ್ಲಿ ಮಾತಾಡುವ ಒಬ್ಬರು ಬೇಕು. ಮೂರು ನಾಲ್ಕು ಹೋಟೆಲುಗಳ ಲೆಕ್ಕ ಹಿಡಿದ ಹೆಂಗಸರು ನೌಕರಿಯಷ್ಟೇ ಸಂಪಾದಿಸುವುದನ್ನು ಕಂಡಿದ್ದೇನೆ. ತಂತ್ರಜ್ಞಾನ ನಿಮ್ಮ ಪರವಾಗಿ ನಿಲ್ಲುವುದು ಇಂಥಲ್ಲಿ, ಏಕೆಂದರೆ ಬಿಲ್ಲು ಓದುವ ಸಾಫ್ಟ್‌ವೇರ್ ಇಲ್ಲಿ ನಿಮ್ಮ ಕೈಯಲ್ಲಿರುತ್ತದೆ, ಉಳಿದ ಸಮಯವೂ ನಿಮ್ಮದೇ. ಆದರೆ ಮೊದಲ ಆರು ತಿಂಗಳು ಆದಾಯ ಅಲ್ಪ. ಪರಿಚಯದವರು ಫೀಸು ತಡಮಾಡುತ್ತಾರೆ. ರಿಟರ್ನ್ ತಡವಾದರೆ ದಿನದ ಲೆಕ್ಕದಲ್ಲಿ ಬೀಳುವ ದಂಡವನ್ನು ನಿಮ್ಮ ತಲೆಗೆ ಕಟ್ಟಲು ನೋಡುತ್ತಾರೆ. ಯಾವ ದಿನಾಂಕದೊಳಗೆ ಬಿಲ್ಲುಗಳನ್ನು ಕೊಡಬೇಕೆಂದು ಬರೆಸಿಕೊಳ್ಳಿ, ಅವರ ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ಎಂದೂ ಇಟ್ಟುಕೊಳ್ಳಬೇಡಿ. ಇದನ್ನು ಬರೀ ನಂಬಿಕೆಯ ಮೇಲೆ ಶುರುಮಾಡದೆ, ನೌಕರಿಯಲ್ಲಿದ್ದಾಗಲೇ ಒಂದು ಹೋಟೆಲಿನ ಲೆಕ್ಕದಿಂದ ಪರೀಕ್ಷಿಸಿ ನೋಡುವುದು ಒಳ್ಳೆಯದು. ಆದರೆ ನೇಮಕ ಪತ್ರದಲ್ಲಿ ಹೊರಗಿನ ಕೆಲಸಕ್ಕೆ ನಿಷೇಧವಿದೆಯೇ ಎಂದು ಮೊದಲು ಓದಿ.

ನಾದಿನಿಯವರ ಕೆಲಸಕ್ಕೆ ಸೇರುವುದು ನಿಮಗೆ ಸೂಕ್ತವೆಂದು ನನಗನ್ನಿಸುವುದಿಲ್ಲ. ಆ ಕೆಲಸ ಕೀಳೆಂಬ ಕಾರಣಕ್ಕಲ್ಲ. ಸಣ್ಣ ಪಾರ್ಲರುಗಳು ಕೊಡುವುದಕ್ಕಿಂತ ಹೆಚ್ಚು ಸಂಪಾದನೆಯನ್ನು ಆ ಆ್ಯಪ್‌ಗಳು ಬಹಳ ಹೆಂಗಸರಿಗೆ ಕೊಟ್ಟಿರುವುದು ನಿಜ. ಆದರೆ ಅಲ್ಲಿ ನಿಮ್ಮ ಲೆಕ್ಕದ ಅನುಭವಕ್ಕೆ ಬೆಲೆಯಿಲ್ಲ, ಮತ್ತು ಸ್ವತಂತ್ರ ಉದ್ಯಮಿ ಎಂಬ ಹೆಸರಿನಡಿ ಸ್ವಾತಂತ್ರ್ಯ ಅಷ್ಟಾಗಿ ಇಲ್ಲ: ದರ ಅವರದು, ಸಾಮಗ್ರಿ ಅವರಿಂದಲೇ ಕೊಳ್ಳಬೇಕು, ರೇಟಿಂಗ್ ಇಳಿದರೆ ಐಡಿ ಬ್ಲಾಕ್. 2021ರ ಅಕ್ಟೋಬರ್‌ನಲ್ಲಿ ಗುರುಗ್ರಾಮದಲ್ಲಿ ಇಂಥ ಬ್ಯೂಟಿಷಿಯನ್ ಹೆಂಗಸರೇ ಹೆಚ್ಚಿನ ಕಮಿಷನ್ ಮತ್ತು ಐಡಿ ಬ್ಲಾಕ್ ವಿರುದ್ಧ ಬೀದಿಗಿಳಿದಿದ್ದರು. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ದುಡಿಯುವವರ, ಕಾನೂನಿನಲ್ಲಿ ಕೆಲಸದಿಂದ ತೆಗೆಯುವ ಮೊದಲು 14 ದಿನಗಳ ನೋಟಿಸು ಮತ್ತು ಕಾರಣ ಕೊಡಬೇಕೆಂದಿದೆ. ಆದರೆ ಅದು ಕಲ್ಯಾಣದಲ್ಲಿ ದುಡಿಯುವ ನಿಮ್ಮ ನಾದಿನಿಗೆ ಅನ್ವಯಿಸುವುದಿಲ್ಲ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಂತೆ ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು ಇಂಥ ಕಾರ್ಮಿಕರ ನಿಧಿಗೆ ಕಟ್ಟಬೇಕು. ನಿಮ್ಮ ನಾದಿನಿ ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿರದಿದ್ದರೆ ಈ ವಾರವೇ ಮಾಡಿಸಿ. ಬ್ಲಾಕ್ ಆದ ಏಳು ದಿನಗಳ ಮೆಸೇಜುಗಳ ಚಿತ್ರ ತೆಗೆದಿಟ್ಟುಕೊಳ್ಳಲು ಹೇಳಿ. ಗಿರಾಕಿಯ ಮನೆಯಲ್ಲಿ ಕಿರುಕುಳವಾದರೆ ಜಿಲ್ಲೆಯ ಸ್ಥಳೀಯ ದೂರು ಸಮಿತಿಗೆ ಹೋಗುವ ದಾರಿಯಿದೆಯೆಂಬುದೂ ಅವರಿಗೆ ತಿಳಿದಿರಲಿ.

ದೇಶದಲ್ಲಿ ದುಡಿಮೆಯ ವಲಯಕ್ಕೆ ಬರುವ ಹೆಂಗಸರ ಪ್ರಮಾಣ 2017-18ರಲ್ಲಿ ಶೇ. 23.3 ಇದ್ದದ್ದು 2023-24ಕ್ಕೆ 41.7 ಆಯಿತೆಂದು ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆ ಹೇಳುತ್ತದೆ. ಸಂತೋಷದ ಸುದ್ದಿಯೇ. ಆದರೆ ಏರಿಕೆಯ ಬಹುಪಾಲು ಹಳ್ಳಿಗಳದ್ದು, ಅದೂ ಸ್ವಂತ ದುಡಿಮೆ ಮತ್ತು ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯದ ರೂಪದ್ದು. ಈ ಲೆಕ್ಕದಲ್ಲಿ ನಾಳೆ ನೀವು ಬಿಲ್ಲಿಗೆ 6 ರೂಪಾಯಿಯ ಕನ್ಸಲ್ಟೆಂಟ್ ಆದರೂ ದುಡಿಯುವ ಮಹಿಳೆಯೇ, ಇಂದಿನ ನೌಕರಿಯಲ್ಲಿದ್ದರೂ ದುಡಿಯುವ ಮಹಿಳೆಯೇ. ಅಂಕಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಕಾಣುತ್ತದೆ.

ಹೆರಿಗೆ ರಜೆಯಿಂದ ಬಂದ ಸಹೋದ್ಯೋಗಿಗೆ ಈ ಪತ್ರವನ್ನು ತೋರಿಸಿ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಿಡುವು ಅವರ ಹಕ್ಕು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಸೌಲಭ್ಯ ಕಡ್ಡಾಯ, ನಿಮ್ಮಲ್ಲಿ ಅರವತ್ತು ಜನರಿದ್ದೀರಿ. ಕೆಲಸದ ಸ್ವರೂಪ ಒಪ್ಪುವಂತಿದ್ದರೆ ಹೆರಿಗೆ ರಜೆಯ ನಂತರ ಇಬ್ಬರ ಒಪ್ಪಿಗೆಯ ಮೇಲೆ ಮನೆಯಿಂದ ಕೆಲಸ ಮಾಡಲು ಕಾನೂನೇ ಅವಕಾಶ ಕೊಟ್ಟಿದೆ, ಅದಕ್ಕೆ ರಾಜೀನಾಮೆ ಬೇಕಿಲ್ಲ. ನೀವಿಬ್ಬರೂ ಬೇರೆಬೇರೆಯಾಗಿ ಮಾತಾಡುವುದಕ್ಕಿಂತ ಒಟ್ಟಿಗೆ ಹೋಗಿ.

ಮಗಳು ಕಾಮರ್ಸ್ ಓದಬೇಕೆಂದಿದ್ದರೆ ತಡೆಯಬೇಡಿ. ಲೆಕ್ಕದ ಜೊತೆ ಡೇಟಾ ಓದುವುದನ್ನೂ ಕಲಿಯಲಿ.

ಹದಿನೈದು ದಿನಗಳಲ್ಲಿ ನೀವು ಮಾಡಬೇಕಾದದ್ದು ಇಷ್ಟು. ಇವತ್ತೇ ಕಂಪನಿಯ ಪೋರ್ಟಲ್ ತೆರೆದು ಸ್ಯಾಲರಿ ಸ್ಲಿಪ್‌ಗಳು, ನೇಮಕ ಪತ್ರ, ಬಡ್ತಿ ಪತ್ರ, ಭವಿಷ್ಯನಿಧಿಯ ಪಾಸ್‌ಬುಕ್ ಎಲ್ಲವನ್ನೂ ನಿಮ್ಮ ಸ್ವಂತ ಮೊಬೈಲಿಗೆ ಇಳಿಸಿಕೊಳ್ಳಿ. ಕಂಪನಿಯ ಲೆಕ್ಕದ ಕಾಗದಗಳನ್ನು ಮುಟ್ಟಬೇಡಿ, ನಿಮ್ಮವು ಮಾತ್ರ. ಆಮೇಲೆ ಮ್ಯಾನೇಜರ್‌ಗೆ ಒಂದು ಸಣ್ಣ ಮೇಲ್ ಬರೆಯಿರಿ: "ನೀವು ಬಾಯಿಮಾತಿನಲ್ಲಿ ರಾಜೀನಾಮೆ ಕೇಳಿದ್ದೀರಿ. ನನಗೆ ಕೆಲಸ ಬಿಡುವ ಇಚ್ಛೆಯಿಲ್ಲ. ಹೊಸ ಸಾಫ್ಟ್‌ವೇರಿನಲ್ಲಿ ತರಬೇತಿ ಪಡೆದು ತಾಳೆ ನೋಡುವ ಕೆಲಸ ಮಾಡಲು ಸಿದ್ಧಳಿದ್ದೇನೆ. ನನ್ನ ಹುದ್ದೆ ಬೇಡವೆಂದಾದರೆ ಅದನ್ನು ಕಾರಣ ಸಹಿತ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ." ಈ ಮೇಲ್‌ನ ಒಂದು ಪ್ರತಿ ನಿಮ್ಮ ಸ್ವಂತ ವಿಳಾಸಕ್ಕೂ ಹೋಗಲಿ. ಕೋಪದ ಮಾತು ಒಂದೂ ಬೇಡ. ಅವರು ಕೋಣೆಗೆ ಕರೆದು ಈಗಲೇ ಸಹಿ ಹಾಕಿ ಎಂದರೆ, ಮನೆಯಲ್ಲಿ ಓದಿ ಹೇಳುತ್ತೇನೆಂದು ಕಾಗದವನ್ನು ತೆಗೆದುಕೊಂಡು ಹೊರಡಿ. ಉತ್ತರ ಬಂದಮೇಲೆ ನನಗೆ ಮತ್ತೆ ಬರೆಯಿರಿ.